ರಾಸುಗಳ ಚರ್ಮದ ಹುಣ್ಣು: ಕಾರಣ, ಚಿಕಿತ್ಸೆ ಮತ್ತು ಹಾಲಿನ ಎಚ್ಚರಿಕೆ



ಹಸು ಎಮ್ಮೆಗಳು ಮೇವು ಬಿಟ್ಟರೆ, ಜ್ವರ ಬಂದರೆ, ಕೆಚ್ಚಲು ಕಲ್ಲಿನಂತೆ ಗಟ್ಟಿಯಾದರೆ ನಾವು ಕೂಡಲೇ ಪಶುವೈದ್ಯರನ್ನು ಕರೆಯುತ್ತೇವೆ. ಆದರೆ ಕೆಚ್ಚಲಿನ ಮೇಲೆ ನಾಲ್ಕು ಗುಳ್ಳೆ ಎದ್ದರೆ, ಬೆನ್ನಿನ ಮೇಲೆ ಹಕ್ಕಳೆ ಕಟ್ಟಿದರೆ, ಗೊರಸಿನ ಸಂದಿಯಲ್ಲಿ ಹುಣ್ಣಾದರೆ ‘ಅದಾಗಿಯೇ ಮಾಯುತ್ತದೆ, ಬಿಡು’ ಎನ್ನುವವರೇ ಹೆಚ್ಚು. ಇಲ್ಲವೇ ಅಂಗಡಿಯಿಂದ ಯಾವುದೋ ಇಂಜೆಕ್ಷನ್ ತಂದು ಒಂದು ದಿನ ಚುಚ್ಚಿಸಿ ಸುಮ್ಮನಾಗುವವರೂ ಇದ್ದಾರೆ. ಈ ಎರಡೂ ರೀತಿಯಿಂದ ನಷ್ಟವೇ ಹೆಚ್ಚು.

ಹಾಲು ಕೊಡುವ ರಾಸಿಗೆ ಆದ ಚರ್ಮದ ಹುಣ್ಣು ಚರ್ಮದಲ್ಲೇ ನಿಲ್ಲುವುದಿಲ್ಲ. ಮೊಲೆತೊಟ್ಟಿನ ಹುಣ್ಣಿನಲ್ಲಿರುವ ರೋಗಾಣುವೇ ಕೆಚ್ಚಲು ಬಾವಿಗೂ ಕಾರಣವಾಗಬಲ್ಲದು. ಅದು ಕರೆಯುವವರ ಕೈಗೆ ಅಂಟುತ್ತದೆ, ಹಾಲಿಗೂ ಸೇರುತ್ತದೆ. ಹಾಗೆಯೇ ಹುಣ್ಣಿಗೆ ಕೊಟ್ಟ ಔಷಧವೂ ಹಾಲಿಗೆ ಬರುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾಗಳಿಂದ ಬರುವ ಚರ್ಮರೋಗಗಳ ಬಗ್ಗೆ ಪ್ರತಿಯೊಬ್ಬ ಸದಸ್ಯರೂ ಒಂದಷ್ಟು ತಿಳಿದಿರುವುದು ಒಳ್ಳೆಯದು.

ಚರ್ಮವೇ ಬೇಲಿ

ಹೊಲಕ್ಕೆ ಬೇಲಿ ಹೇಗೋ ದೇಹಕ್ಕೆ ಚರ್ಮ ಹಾಗೆ. ಆರೋಗ್ಯವಾಗಿರುವ ರಾಸಿನ ಚರ್ಮದ ಮೇಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಚರ್ಮ ಒಣಗಿದ್ದು, ಎಲ್ಲಿಯೂ ಒಡೆಯದೆ ಇದ್ದರೆ ಅವು ಒಳಗೆ ಇಳಿಯಲಾರವು. ಬೇಲಿ ಮುರಿದಾಗಲೇ ತೊಂದರೆ.

ಈ ಬೇಲಿ ಮುರಿಯುವ ಸಂದರ್ಭಗಳು ಹಲವು. ಗಂಜಲ, ಸಗಣಿಯಲ್ಲಿ ಸದಾ ನೆನೆದು ಚರ್ಮ ಮೆತ್ತಗಾಗುವುದು, ಉಣ್ಣೆ ಮತ್ತು ನೊಣಗಳ ಕಡಿತ, ಮುಳ್ಳು ತಂತಿಯ ಗೀರು, ಹಗ್ಗ ಅಥವಾ ನೊಗದ ಉಜ್ಜುವಿಕೆ, ಉಗುರು ತಾಗಿ ಮೊಲೆತೊಟ್ಟು ಸೀಳುವುದು, ಶುಚಿಯಿಲ್ಲದ ಸೂಜಿಯಿಂದ ಚುಚ್ಚುವುದು ಇವು ಮುಖ್ಯವಾದವು. ಮಳೆಗಾಲದಲ್ಲಿ ಈ ರೋಗಗಳು ಹೆಚ್ಚಾಗಲು ಕಾರಣವೂ ಇದೇ. ಮೈ ಒದ್ದೆ, ನೆಲ ಕೆಸರು, ನೊಣ ಮತ್ತು ಉಣ್ಣೆ ಎಲ್ಲವೂ ಒಟ್ಟಿಗೆ ಕೂಡುತ್ತವೆ.

ಕೀವು ತರುವ ರೋಗಾಣುಗಳಲ್ಲಿ ಮುಖ್ಯವಾದುದು ಸ್ಟೆಫೈಲೋಕಾಕಸ್. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್ ಎಂಬವರು ರೋಗಿಗಳ ಕುರುವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಈ ಜೀವಿಗಳನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲು ಎಂಬ ಅರ್ಥದ ಮಾತಿನಿಂದಲೇ ಆ ಹೆಸರು ಬಂತು. ಮನುಷ್ಯರ ಕುರುವಿನಲ್ಲಿ ಕಂಡ ಈ ರೋಗಾಣು ಹಸುವಿನ ಕೆಚ್ಚಲಿನಲ್ಲೂ ಅಷ್ಟೇ ಸುಲಭವಾಗಿ ಬೆಳೆಯುತ್ತದೆ.

ಸಾಮಾನ್ಯವಾಗಿ ಕಾಣುವ ನಾಲ್ಕು ರೋಗಗಳು

1. ಕೆಚ್ಚಲಿನ ಕೀವುಗುಳ್ಳೆ: ಮೊಲೆತೊಟ್ಟು ಕೆಚ್ಚಲಿಗೆ ಸೇರುವ ಬುಡದಲ್ಲಿ ಗುಂಡುಸೂಜಿ ತಲೆಯಷ್ಟರಿಂದ ಬಟಾಣಿ ಗಾತ್ರದವರೆಗಿನ ಗುಳ್ಳೆಗಳು ಏಳುತ್ತವೆ. ಅವುಗಳಲ್ಲಿ ಹಳದಿ ಕೀವು ತುಂಬಿ, ಒಡೆದು, ಹಕ್ಕಳೆಯಾಗುತ್ತದೆ. ಇದಕ್ಕೆ ಸ್ಟೆಫೈಲೋಕಾಕಸ್ ಕಾರಣ. ರಾಸಿಗೆ ಸಾಮಾನ್ಯವಾಗಿ ಜ್ವರವಿರುವುದಿಲ್ಲ. ಆದರೆ ಕರೆಯುವಾಗ ನೋವಾಗಿ ಒದೆಯುತ್ತದೆ, ಹಾಲನ್ನು ಪೂರ್ತಿ ಬಿಡುವುದಿಲ್ಲ. ಒಂದು ಹಸುವಿನಿಂದ ಇನ್ನೊಂದಕ್ಕೆ ಇದು ಹರಡುವುದು ಕರೆಯುವವರ ಕೈ ಮತ್ತು ಕೆಚ್ಚಲು ಒರೆಸುವ ಬಟ್ಟೆಯಿಂದ.

ಮೊದಲ ಸಲ ಕರು ಹಾಕಿದ ಮಿಶ್ರತಳಿ ಹಸುಗಳಲ್ಲಿ ಕೆಚ್ಚಲು ಬಾತು, ತೊಡೆ ಮತ್ತು ಕೆಚ್ಚಲಿನ ನಡುವಿನ ಚರ್ಮ ಉಜ್ಜಿ ಹುಣ್ಣಾಗುವುದೂ ಉಂಟು. ಈ ಹುಣ್ಣು ಹೊರಗೆ ಕಾಣುವುದಿಲ್ಲ. ಕೆಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ಆದ್ದರಿಂದ ಕರು ಹಾಕಿದ ಮೊದಲ ವಾರಗಳಲ್ಲಿ ಆ ಸಂದಿಯನ್ನು ದಿನವೂ ಕೈಯಿಂದ ಬಿಡಿಸಿ ನೋಡಬೇಕು, ತೊಳೆದ ಮೇಲೆ ಚೆನ್ನಾಗಿ ಒರೆಸಿ ಒಣಗಿಸಬೇಕು.

2. ಮಳೆಗಾಲದ ಹಕ್ಕಳೆ ರೋಗ: ಬೆನ್ನು, ಕುತ್ತಿಗೆ, ಕೆಲವೊಮ್ಮೆ ಕಾಲು ಮತ್ತು ಕೆಚ್ಚಲಿನ ಮೇಲೆ ಕೂದಲು ಅಂಟಿಕೊಂಡು ದಪ್ಪ ಹಕ್ಕಳೆ ಕಟ್ಟುತ್ತದೆ. ಹಕ್ಕಳೆಯನ್ನು ಎತ್ತಿದರೆ ಕೂದಲಿನ ಕುಚ್ಚು ಬಣ್ಣ ಹಚ್ಚುವ ಬ್ರಷ್ಷಿನಂತೆ ಅದರೊಂದಿಗೆ ಕಿತ್ತು ಬರುತ್ತದೆ. ಕೆಳಗೆ ಚರ್ಮ ಕೆಂಪಗೆ ಹಸಿಯಾಗಿರುತ್ತದೆ. ಇದಕ್ಕೆ ಕಾರಣವಾದ ಡರ್ಮಟೋಫಿಲಸ್ ಎಂಬ ರೋಗಾಣುವನ್ನು 1915ರಲ್ಲಿ ಆಗಿನ ಬೆಲ್ಜಿಯನ್ ಕಾಂಗೋದ ದನಗಳಲ್ಲಿ ಮೊದಲು ಗುರುತಿಸಲಾಯಿತು. ಇದನ್ನು ಬಹುಕಾಲ ಶಿಲೀಂಧ್ರವೆಂದೇ ತಿಳಿದಿದ್ದರು. ನಿಜವಾಗಿ ಇದು ಬ್ಯಾಕ್ಟೀರಿಯಾ.

ಒಣ ಹಕ್ಕಳೆಯಲ್ಲಿ ಈ ರೋಗಾಣು ತಿಂಗಳುಗಟ್ಟಲೆ ಬದುಕಿರಬಲ್ಲದು. ಮೈ ನೆನೆದಾಗ ಎಚ್ಚೆತ್ತು ನೀರಿನಲ್ಲಿ ಈಜಿ ಪಕ್ಕದ ಚರ್ಮಕ್ಕೆ ಹರಡುತ್ತದೆ. ಆದ್ದರಿಂದ ಈ ರೋಗ ಬಂದ ರಾಸನ್ನು ಮಳೆಯಲ್ಲಿ ನೆನೆಯಲು ಬಿಡದೆ ಒಣಗಿದ ಜಾಗದಲ್ಲಿ ಕಟ್ಟುವುದೇ ಅರ್ಧ ಚಿಕಿತ್ಸೆ. ಹಕ್ಕಳೆಯನ್ನು ಒಣಗಿದ್ದಾಗ ಎಳೆದು ಕೀಳಬಾರದು. ನಂಜುನಿರೋಧಕ ದ್ರಾವಣದಿಂದ ನೆನೆಸಿ, ಮೆತ್ತಗಾದ ಮೇಲೆ ನಿಧಾನವಾಗಿ ತೆಗೆದು, ಅದನ್ನು ಕೊಟ್ಟಿಗೆಯಲ್ಲಿ ಬಿಸಾಡದೆ ಸುಟ್ಟುಬಿಡಬೇಕು. ಮೈತುಂಬಾ ಹರಡಿದ್ದರೆ ವೈದ್ಯರಿಂದ ಇಂಜೆಕ್ಷನ್ ಬೇಕಾಗುತ್ತದೆ. ಅಪರೂಪಕ್ಕೆ ಇದು ಮನುಷ್ಯರಿಗೂ ತಗಲುವುದರಿಂದ ಆರೈಕೆಯ ನಂತರ ಸೋಪಿನಿಂದ ಕೈ ತೊಳೆಯಬೇಕು.

3. ಗೊರಸಿನ ಸಂದಿ ಕೊಳೆತ: ನಿನ್ನೆ ಚೆನ್ನಾಗಿದ್ದ ಹಸು ಇಂದು ಇದ್ದಕ್ಕಿದ್ದಂತೆ ಕುಂಟುತ್ತದೆ. ಗೊರಸಿನ ಮೇಲ್ಭಾಗ ಸುತ್ತಲೂ ಬಾತಿರುತ್ತದೆ. ಎರಡು ಗೊರಸುಗಳ ನಡುವಿನ ಚರ್ಮ ಸೀಳಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತದೆ. ಜ್ವರ ಬಂದು ಹಾಲು ಇಳಿಯುತ್ತದೆ. ಸಗಣಿ ಕೆಸರಿನಲ್ಲಿರುವ ರೋಗಾಣುಗಳು ಸಣ್ಣ ಕಲ್ಲು ಅಥವಾ ಮುಳ್ಳಿನಿಂದಾದ ಗಾಯದ ಮೂಲಕ ಒಳಸೇರುವುದು ಇದಕ್ಕೆ ಕಾರಣ. ಮೊದಲ ಒಂದೆರಡು ದಿನಗಳಲ್ಲೇ ಇಂಜೆಕ್ಷನ್ ಕೊಡಿಸಿದರೆ ಬೇಗ ಗುಣವಾಗುತ್ತದೆ. ತಡವಾದರೆ ಸೋಂಕು ಕೀಲಿಗೆ ಇಳಿದು ರಾಸು ಶಾಶ್ವತವಾಗಿ ಕುಂಟಾಗಬಹುದು. ಬಾಯಿಯಲ್ಲೂ ಹುಣ್ಣಿದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಕೂಡಲೇ ಬೇರೆ ಕಟ್ಟಿ ವೈದ್ಯರಿಗೆ ತಿಳಿಸಿ.

4. ಕುರು ಅಥವಾ ಕೀವಿನ ಗಡ್ಡೆ: ಕುತ್ತಿಗೆ, ತೊಡೆ ಅಥವಾ ಎತ್ತುಗಳ ಹೆಗಲಿನಲ್ಲಿ ಬಿಸಿಯಾದ, ನೋವಿನ ಊತ ಕಾಣಿಸಿ, ಕೆಲವು ದಿನಗಳಲ್ಲಿ ಮೆತ್ತಗಾಗುತ್ತದೆ. ಕುರುವಿನ ಸುತ್ತ ದೇಹವೇ ದಪ್ಪ ಗೋಡೆ ಕಟ್ಟಿಕೊಂಡಿರುತ್ತದೆ. ಇಂಜೆಕ್ಷನ್ ಕೊಟ್ಟ ಔಷಧ ರಕ್ತದಲ್ಲಿ ಬಂದರೂ ಆ ಗೋಡೆ ದಾಟಿ ಕೀವಿನೊಳಗೆ ಸಾಕಷ್ಟು ಸೇರುವುದಿಲ್ಲ. ಆದ್ದರಿಂದ ಹಣ್ಣಾದ ಕುರುವನ್ನು ವೈದ್ಯರು ಸೀಳಿ ಕೀವು ತೆಗೆಯುವುದೇ ಸರಿಯಾದ ಚಿಕಿತ್ಸೆ. ನಂತರ ಒಳಗಿನಿಂದ ಮಾಂಸ ತುಂಬಿಬರುವವರೆಗೆ ದಿನವೂ ತೊಳೆಯಬೇಕು. ಮೇಲೆ ಬೇಗ ಮುಚ್ಚಿಕೊಂಡರೆ ಮತ್ತೆ ಕೀವು ಕಟ್ಟುತ್ತದೆ. ನೀವೇ ಬ್ಲೇಡು ಹಾಕಬೇಡಿ. ಊತ ಎಲ್ಲ ಕಡೆ ಕುರುವೇ ಆಗಿರುವುದಿಲ್ಲ. ಹೊಟ್ಟೆಯ ಕೆಳಗಿನ ಊತದಲ್ಲಿ ಕರುಳು ಇಳಿದಿರುವುದೂ ಉಂಟು.

ಎಲ್ಲ ಹುಣ್ಣಿಗೂ ಒಂದೇ ಮದ್ದಲ್ಲ

ಚರ್ಮದ ಮೇಲೆ ಕಾಣುವುದೆಲ್ಲ ಬ್ಯಾಕ್ಟೀರಿಯಾದ ಕೆಲಸವಲ್ಲ. ಕರುಗಳ ಮುಖ, ಕಣ್ಣಿನ ಸುತ್ತ ನಾಣ್ಯದಂತೆ ದುಂಡಗೆ ಬೂದು ಬಣ್ಣದ ಪಟ್ಟೆ ಎದ್ದು ಕೂದಲು ಉದುರಿದರೆ ಅದು ಶಿಲೀಂಧ್ರದಿಂದ ಬರುವ ಹುಳುಕಡ್ಡಿ. ಬಹಳ ತುರಿಕೆಯಿದ್ದು ಚರ್ಮ ದಪ್ಪವಾಗಿ ಸುಕ್ಕುಗಟ್ಟಿದರೆ ಕಜ್ಜಿಯ ನುಸಿ ಇರಬಹುದು. ಲಂಟಾನ ಗಿಡ ತಿಂದ ಕಪ್ಪುಬಿಳುಪು ಹಸುವಿನಲ್ಲಿ ಬಿಳಿ ಚರ್ಮ ಮಾತ್ರ ಬಿಸಿಲಿಗೆ ಸುಟ್ಟಂತಾಗಿ ಸುಲಿಯುತ್ತದೆ. ಅಂಥ ರಾಸಿನ ಯಕೃತ್ತು ಕೆಟ್ಟಿರುತ್ತದೆ. ಅದನ್ನು ನೆರಳಿನಲ್ಲಿ ಕಟ್ಟಿ ವೈದ್ಯರನ್ನು ಕರೆಯಬೇಕು.

ಚರ್ಮಗಂಟು ರೋಗವನ್ನು ನಮ್ಮ ರೈತರು ಮರೆತಿರಲಾರರು. ಭಾರತದಲ್ಲಿ ಇದು 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿ, 2022ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ದೊಡ್ಡದಾಗಿ ಹರಡಿತು. ಇದು ವೈರಸ್ಸಿನಿಂದ ಬರುವ ರೋಗ. ವೈರಸ್ಸನ್ನು ಆ್ಯಂಟಿಬಯೋಟಿಕ್ ಕೊಲ್ಲುವುದಿಲ್ಲ. ಹಾಗಾದರೆ ವೈದ್ಯರು ಅದನ್ನು ಏಕೆ ಕೊಟ್ಟರು ಎಂದು ಕೇಳಬಹುದು. ಗಂಟುಗಳು ಒಡೆದು ಹುಣ್ಣಾದಾಗ ಆ ದಾರಿಯಲ್ಲಿ ಬ್ಯಾಕ್ಟೀರಿಯಾ ನುಗ್ಗುತ್ತವೆ. ಔಷಧ ಕೊಟ್ಟದ್ದು ಅವುಗಳಿಗಾಗಿ. ಮೂಲ ರೋಗಕ್ಕೆ ತಡೆ ಲಸಿಕೆಯೊಂದೇ.

ಮನೆಯಲ್ಲೇ ಮಾಡಬಹುದಾದ ಆರೈಕೆ

ಸಣ್ಣ ಹುಣ್ಣು, ಕೆಲವೇ ಗುಳ್ಳೆಗಳಿದ್ದು, ರಾಸಿಗೆ ಜ್ವರವಿಲ್ಲದೆ ಮೇವು ತಿನ್ನುತ್ತಿದ್ದರೆ ಈ ಕ್ರಮ ಅನುಸರಿಸಿ:

ಅ) ಹುಣ್ಣಿನ ಸುತ್ತಲಿನ ಉದ್ದ ಕೂದಲನ್ನು ಕತ್ತರಿಸಿ. ಉಗುರುಬೆಚ್ಚಗಿನ ನೀರಿನಿಂದ ಸಗಣಿ, ಮಣ್ಣು ತೊಳೆಯಿರಿ.

ಆ) ಪೊವಿಡೋನ್ ಅಯೋಡಿನ್ ದ್ರಾವಣ ಅಥವಾ ತಿಳಿ ಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ನೀರಿನಿಂದ ಹುಣ್ಣನ್ನು ಶುಚಿಮಾಡಿ. ಹರಳು ಹೆಚ್ಚಾಗಿ ನೀರು ಕಡು ನೇರಳೆಯಾದರೆ ಚರ್ಮ ಸುಡುತ್ತದೆ.

ಇ) ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಿ. ಎಷ್ಟೋ ಮಂದಿ ಮರೆಯುವ ಹಂತ ಇದೇ. ಒದ್ದೆ ಬಿಟ್ಟರೆ ತೊಳೆದೂ ವ್ಯರ್ಥ.

ಈ) ನಂಜುನಿರೋಧಕ ಮುಲಾಮು ಹಚ್ಚಿ. ನೊಣ ಕೂರದಂತೆ ನೋಡಿಕೊಳ್ಳಿ. ದಿನಕ್ಕೆ ಎರಡು ಬಾರಿ ಹೀಗೆ ಮಾಡಿ.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚಾರ ಮಾಡಿರುವ ಗಿಡಮೂಲಿಕೆ ಎಣ್ಣೆಯನ್ನೂ ಚರ್ಮದ ಗಾಯಗಳಿಗೆ ಬಳಸಬಹುದು. ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಇವುಗಳ ಎಲೆ ತಲಾ ಒಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಅರಿಶಿನ ಪುಡಿ 20 ಗ್ರಾಂ, ಇವನ್ನು ನುಣ್ಣಗೆ ಅರೆದು 500 ಮಿ.ಲೀ. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕುದಿಸಿ ಆರಿಸಿ. ಗಾಯ ತೊಳೆದು ಒರೆಸಿದ ಮೇಲೆ ಹಚ್ಚಿ. ಹುಳ ಬಿದ್ದಿದ್ದರೆ ಮೊದಲ ದಿನ ಮಾತ್ರ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಅಥವಾ ಸೀತಾಫಲದ ಎಲೆಯ ಅರೆತ ಹಾಕಬಹುದು. ಮನೆಯಲ್ಲಿ ತಯಾರಿಸುವ ಈ ಎಣ್ಣೆಗೆ ಖರ್ಚು ಕಡಿಮೆ.

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ಪುಡಿ, ಕೀಟನಾಶಕ, ನೀರು ಬೆರೆಸದ ಫಿನಾಯಿಲ್ ಇವನ್ನು ಹುಣ್ಣಿಗೆ ಹಾಕಲೇಬಾರದು. ಇವು ರೋಗಾಣುವಿನ ಜೊತೆಗೆ ಮಾಯುತ್ತಿರುವ ಹೊಸ ಚರ್ಮವನ್ನೂ ಸುಡುತ್ತವೆ. ರಾಸು ನೆಕ್ಕಿದರೆ ವಿಷ ಒಳಗೂ ಹೋಗುತ್ತದೆ. ಬರೆ ಹಾಕುವುದರಿಂದ ಇರುವ ಹುಣ್ಣಿನ ಜೊತೆಗೆ ಇನ್ನೊಂದು ಹುಣ್ಣಾಗುವುದೇ ಹೊರತು ಬೇರೆ ಲಾಭವಿಲ್ಲ.

ವೈದ್ಯರನ್ನು ಯಾವಾಗ ಕರೆಯಬೇಕು?

ರಾಸಿನ ಸಾಮಾನ್ಯ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಇದು 103 ದಾಟಿದರೆ, ಹುಣ್ಣು ಎರಡು ಮೂರು ದಿನಗಳ ಆರೈಕೆಗೂ ಬಗ್ಗದಿದ್ದರೆ, ಮೈತುಂಬಾ ಹರಡಿದರೆ, ಕುಂಟುತ್ತಿದ್ದರೆ, ಹಾಲಿನಲ್ಲಿ ಗರಣೆ ಅಥವಾ ರಕ್ತ ಕಂಡರೆ, ಒಂದಕ್ಕಿಂತ ಹೆಚ್ಚು ರಾಸುಗಳಿಗೆ ಬಂದರೆ ತಡಮಾಡಬೇಡಿ. ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ.

ವೈದ್ಯರು ಪೆನಿಸಿಲಿನ್, ಆಕ್ಸಿಟೆಟ್ರಾಸೈಕ್ಲಿನ್ ಮುಂತಾದ ಔಷಧಗಳಲ್ಲಿ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ರಾಸಿನ ತೂಕ ಮತ್ತು ರೋಗ ನೋಡಿ ನಿರ್ಧರಿಸುತ್ತಾರೆ. ಹೇಳಿದಷ್ಟು ದಿನ ಪೂರ್ತಿ ಕೊಡಿಸಬೇಕು. ಒಂದೇ ಇಂಜೆಕ್ಷನ್ನಿಗೆ ಊತ ಇಳಿಯಿತೆಂದು ನಿಲ್ಲಿಸಿದರೆ ದುರ್ಬಲ ರೋಗಾಣುಗಳು ಸತ್ತು ಗಟ್ಟಿಯಾದವು ಉಳಿಯುತ್ತವೆ. ಉಳಿದವು ಮತ್ತೆ ಬೆಳೆದಾಗ ಅದೇ ಔಷಧಕ್ಕೆ ಬಗ್ಗದಂತಾಗಬಹುದು. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಭಾಷಣದಲ್ಲಿ, ಕಡಿಮೆ ಪ್ರಮಾಣದಲ್ಲಿ ಔಷಧ ಬಳಸಿದರೆ ರೋಗಾಣುಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ನಿಜವಾಯಿತು. ಇಂದು ಸ್ಟೆಫೈಲೋಕಾಕಸ್‌ಗಳಲ್ಲಿ ಹಲವು ಪೆನಿಸಿಲಿನ್‌ಗೆ ಬಗ್ಗುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಔಷಧಕ್ಕೆ ಬಗ್ಗದಂತಾದ ರೋಗಾಣು ನಮ್ಮ ಮನೆಯ ಮಕ್ಕಳ ಗಾಯಕ್ಕೂ ಸೇರಬಲ್ಲದು.

ಔಷಧ ಕೊಟ್ಟ ರಾಸಿನ ಹಾಲು

ಇದು ನಮ್ಮ ಸಂಘಗಳ ಮಟ್ಟಿಗೆ ಅತ್ಯಂತ ಮುಖ್ಯವಾದ ವಿಷಯ. ಚರ್ಮದ ಹುಣ್ಣಿಗೆಂದು ತೊಡೆಗೆ ಕೊಟ್ಟ ಇಂಜೆಕ್ಷನ್ ರಕ್ತಕ್ಕೆ ಸೇರಿ, ರಕ್ತದಿಂದ ಹಾಲಿಗೂ ಬರುತ್ತದೆ. ‘ಕೆಚ್ಚಲಿಗೆ ಔಷಧ ಹಾಕಿಲ್ಲವಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹಾಲನ್ನು ಕಾಯಿಸಿದರೂ ಪೆನಿಸಿಲಿನ್ ಪೂರ್ತಿ ನಾಶವಾಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಹೆಪ್ಪುಗಟ್ಟದಿರಬಹುದು. ಏಕೆಂದರೆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾಗಳೇ, ಅವೂ ಔಷಧಕ್ಕೆ ಸಾಯುತ್ತವೆ. ಪೆನಿಸಿಲಿನ್ ಒಗ್ಗದ ಜನರಿಗೆ ಅಂಥ ಹಾಲಿನಿಂದ ತೊಂದರೆಯೂ ಆಗಬಹುದು.

ಕೇಂದ್ರ ಸರ್ಕಾರ 2012ರಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧದ ಲೇಬಲ್ಲಿನ ಮೇಲೆ ಎಷ್ಟು ದಿನ ಕಾಯಬೇಕೆಂದು ನಮೂದಿಸಬೇಕು. ಔಷಧಕ್ಕೆ ಪ್ರತ್ಯೇಕ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು ಲೆಕ್ಕ. ಈ ದಿನಗಳನ್ನು ಎಣಿಸಬೇಕಾದುದು ಕೊನೆಯ ಇಂಜೆಕ್ಷನ್ನಿನಿಂದ, ಮೊದಲನೆಯದರಿಂದಲ್ಲ.

ಇದರ ಲೆಕ್ಕವನ್ನೂ ನೋಡೋಣ. ದಿನಕ್ಕೆ 8 ಲೀಟರ್ ಕೊಡುವ ಹಸುವಿಗೆ 3 ದಿನ ಇಂಜೆಕ್ಷನ್, ನಂತರ 4 ದಿನ ಕಾಯುವ ಅವಧಿ ಎಂದುಕೊಂಡರೆ 7 ದಿನಗಳಿಗೆ 56 ಲೀಟರ್ ಹಾಲು ಸಂಘಕ್ಕೆ ಹಾಕುವಂತಿಲ್ಲ. ಇದು ಸಣ್ಣ ನಷ್ಟವಲ್ಲ. ಒಂದೇ ಹಸುವಿನಿಂದ ಸಂಸಾರ ನಡೆಸುವವರಿಗೆ ಆ ವಾರ ಕಷ್ಟದ್ದೇ. ಆದರೆ ಆ 8 ಲೀಟರನ್ನು ಯಾರಿಗೂ ಹೇಳದೆ ಹಾಕಿದರೆ ಅದು ಊರಿನ ಎಲ್ಲರ ಹಾಲಿನೊಂದಿಗೆ ಒಂದೇ ಶೀತಲೀಕರಣ ತೊಟ್ಟಿಗೆ ಸೇರುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ತೊಟ್ಟಿಯ ಹಾಲು ತಿರಸ್ಕೃತವಾಗಬಹುದು. ಸಿಗದಿದ್ದರೆ ಅದನ್ನು ಕುಡಿಯುವವರು ಪೇಟೆಯ ಮಕ್ಕಳು.

ಆದ್ದರಿಂದ ವೈದ್ಯರು ಬಂದಾಗ ‘ಎಷ್ಟು ದಿನ ಹಾಲು ಹಾಕಬಾರದು? ಕಾಯುವ ಅವಧಿ ಕಡಿಮೆಯಿರುವ ಔಷಧವಿದೆಯೇ?’ ಎಂದು ಕೇಳಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾರ್ಯದರ್ಶಿಯವರಿಗೂ ತಿಳಿಸಿ. ಆ ಹಾಲನ್ನು ಕರುವಿಗೂ ಕುಡಿಸದೆ ಗುಂಡಿಗೆ ಚೆಲ್ಲುವುದು ಉತ್ತಮ. ಗುಳ್ಳೆ ನಾಲ್ಕಿರುವಾಗಲೇ ತೊಳೆದು ಮುಲಾಮು ಹಚ್ಚಿದ್ದರೆ ಬಹುಮಟ್ಟಿಗೆ ಈ 56 ಲೀಟರ್ ಉಳಿಯುತ್ತಿತ್ತು ಎಂಬುದನ್ನೂ ಮರೆಯಬೇಡಿ. ಮೊಲೆತೊಟ್ಟಿಗೆ ಹಚ್ಚಿದ ಮುಲಾಮನ್ನು ಮುಂದಿನ ಬಾರಿ ಕರೆಯುವ ಮೊದಲು ಪೂರ್ತಿ ತೊಳೆದು ಒರೆಸಬೇಕು. ಆ್ಯಂಟಿಬಯೋಟಿಕ್ ಇರುವ ಮುಲಾಮಾದರೆ ಅದಕ್ಕೂ ಕಾಯುವ ಅವಧಿ ಇದೆಯೇ ಎಂದು ಕೇಳಿಕೊಳ್ಳಿ.

ಕರೆಯುವವರ ಕೈ

ಹಾಲು ಕರೆಯುವವರ ಕೈಬೆರಳಿನಲ್ಲಿ ಕೀವುಗಾಯವಿದ್ದರೆ ಅದು ಮಾಯುವವರೆಗೆ ಮನೆಯಲ್ಲಿ ಬೇರೆಯವರು ಕರೆಯಲಿ. ಅನಿವಾರ್ಯವಾದರೆ ರಬ್ಬರ್ ಕೈಗವಸು ಹಾಕಿಕೊಳ್ಳಿ. ಹಾಲಿಗೆ ಸೇರಿದ ಸ್ಟೆಫೈಲೋಕಾಕಸ್, ಹಾಲು ತಣ್ಣಗಾಗದೆ ಉಳಿದರೆ ಬೆಳೆದು ಒಂದು ಬಗೆಯ ವಿಷ ಬಿಡಬಲ್ಲದು. ಕಾಯಿಸಿದಾಗ ರೋಗಾಣು ಸಾಯುತ್ತದೆ, ಆದರೆ ಆ ವಿಷ ಹೋಗುವುದಿಲ್ಲ. ಅದು ವಾಂತಿ, ಭೇದಿ ತರುತ್ತದೆ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತಲುಪಿಸಬೇಕೆಂದು ಒತ್ತಾಯಿಸುವುದು ಇದಕ್ಕಾಗಿಯೇ.

ಹುಣ್ಣಿರುವ ರಾಸನ್ನು ಯಾವಾಗಲೂ ಕೊನೆಯಲ್ಲಿ ಕರೆಯಿರಿ. ಪ್ರತಿ ರಾಸಿಗೂ ಬೇರೆ ಬಟ್ಟೆ ಬಳಸಿ. ಬಟ್ಟೆಗಳನ್ನು ಕುದಿಸಿ ಬಿಸಿಲಿಗೆ ಒಣಗಿಸಿ.

ಬರದಂತೆ ತಡೆಯುವುದು

* ಕೊಟ್ಟಿಗೆಯ ನೆಲ ಇಳಿಜಾರಾಗಿದ್ದು ಗಂಜಲ ನಿಲ್ಲದಿರಲಿ. ಒಣ ಹುಲ್ಲು ಅಥವಾ ತೌಡಿನ ಹೊಟ್ಟು ಹಾಸಿ.

* ಕರೆದ ಕೂಡಲೇ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಶೇ. 0.5 ಅಯೋಡಿನ್ ದ್ರಾವಣ ಆರು ಪಾಲಿಗೆ ಗ್ಲಿಸರಿನ್ ಒಂದು ಪಾಲು ಸೇರಿಸಿದರೆ ಚರ್ಮ ಬಿರಿಯುವುದಿಲ್ಲ. ನಂತರ ಅರ್ಧ ಗಂಟೆ ರಾಸು ಮಲಗದಂತೆ ಮುಂದೆ ಮೇವು ಹಾಕಿ.

* ವಾರಕ್ಕೊಮ್ಮೆ ಕಿವಿ, ಬಾಲದ ಬುಡ, ಕೆಚ್ಚಲಿನ ಹಿಂಭಾಗದಲ್ಲಿ ಉಣ್ಣೆ ಹುಡುಕಿ. ಔಷಧ ಸಿಂಪಡಿಸುವ ಮುನ್ನ ವೈದ್ಯರನ್ನು ಕೇಳಿ.

* ಮಳೆಗಾಲದಲ್ಲಿ ಗೊರಸು ಕೊಳೆತ ಇರುವ ಕಡೆ 10 ಲೀಟರ್ ನೀರಿಗೆ 500 ಗ್ರಾಂ ಮೈಲುತುತ್ತ ಕರಗಿಸಿ, ತೊಳೆದ ಗೊರಸುಗಳನ್ನು ಅದರಲ್ಲಿ ನಿಲ್ಲಿಸಿ. ರಾಸು ಅದನ್ನು ಕುಡಿಯದಂತೆ ನೋಡಿಕೊಳ್ಳಿ. ಉಳಿದ ನೀರನ್ನು ಕೆರೆ, ಹಳ್ಳಕ್ಕೆ ಚೆಲ್ಲಬೇಡಿ. ಮೀನು ಸಾಯುತ್ತವೆ.

* ಹಸಿರು ಮೇವು ಮತ್ತು ಖನಿಜ ಮಿಶ್ರಣ ತಪ್ಪಿಸಬೇಡಿ. ಪೌಷ್ಟಿಕಾಂಶ ಸಿಕ್ಕ ಚರ್ಮವೇ ಗಟ್ಟಿ ಬೇಲಿ.

* ಪ್ರತಿ ಇಂಜೆಕ್ಷನ್ನಿಗೂ ಹೊಸ ಸೂಜಿ ಇರಲಿ.

ಕರೆಯಲು ಕೂರುವ ಮೊದಲು ಒಂದು ನಿಮಿಷ ಕೆಚ್ಚಲನ್ನು, ಗೊರಸನ್ನು, ಬೆನ್ನನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಈ ರೋಗಗಳಲ್ಲಿ ಬಹುಪಾಲು ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ. ಮೊದಲ ದಿನ ಕಂಡ ಹುಣ್ಣಿಗೆ ಬೇಕಾಗುವುದು ಬೆಚ್ಚಗಿನ ನೀರು, ಸ್ವಲ್ಪ ಅಯೋಡಿನ್, ಒಂದು ಒಣ ಬಟ್ಟೆ. ಹತ್ತನೆಯ ದಿನ ಕಂಡ ಹುಣ್ಣಿಗೆ ಬೇಕಾಗುವುದು ಇಂಜೆಕ್ಷನ್, ಮತ್ತು ಒಂದು ವಾರದ ಹಾಲು.